ದಿಲ್‌ಸುಖ್‌ಭಾಯಿಯ ಸೂರ್ಯನೂ ನನ್ನ ಮನೆಯ ಕರೆಗಂಟೆಯೂ

ಸೂರ್ಯ ಎಲ್ಲರಿಗೂ ಒಂದೇ ಅಂತ ಹೇಳಿದ ಮಹಾತ್ಮರು ಯಾರೋ, ಅವರಿಗೆ ಪಕ್ಕದ ಮನೆ ಇದ್ದಿರಲಾರದು! ನನಗಿದೆ. ಆ ಮನೆಯಲ್ಲಿ ದಿಲ್‌ಸುಖ್‌ಭಾಯಿ ಇದ್ದಾರೆ. ದಿಲ್‌ಸುಖ್‌ಭಾಯಿಯ ತಾರಸಿಯ ಮೇಲೆ ಸೋಲಾರ್ ಇದೆ. ಅದಕ್ಕೇ ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಒಂದು ಕೈಯಲ್ಲಿ ಕಡಲೆಹಿಟ್ಟಿನ ಗಾಠಿಯಾ, ಇನ್ನೊಂದು ಕೈಯಲ್ಲಿ ಕರಿದ ಮೆಣಸಿನಕಾಯಿ ಹಿಡಿದು ನಾನು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟೆ.

"ತರು, ಕೇಳಿಸ್ಕೋ. ದೀಪಾವಳಿ ಬರೋದ್ರೊಳಗೆ ಈ ಗಲ್ಲೀಲಿ ಎಲ್ಲರಿಗಿಂತ ಜಾಸ್ತಿ ಬಿಸಿಲು ಹಿಡಿಯೋ ಮನೆ ನಮ್ದೇ ಆಗಿರತ್ತೆ."

ನನ್ನ ಹೆಂಡತಿ ತರುಲತಾ ಚಹಾ ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. "ಈಗ್ಲೂ ಹಿಡೀತಿದೆಯಲ್ಲ, ನಿಮ್ಮ ತಲೆ ಮೇಲೆ" ಅಂದಳು. ನನ್ನ ತಲೆಯಲ್ಲಿ ಕೂದಲು ಕಡಿಮೆ ಎಂಬುದನ್ನು ದಿನಕ್ಕೊಮ್ಮೆಯಾದರೂ ನೆನಪಿಸದಿದ್ದರೆ ನಮ್ಮ ಮನೆಯಲ್ಲಿ ಚಹಾ ಕುದಿಯುವುದಿಲ್ಲ.

ನಾನು ಭಾನುಪ್ರಸಾದ ಜಾನಿ. ರಾಜಕೋಟದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಊರಿನವರ ದೃಷ್ಟಿದೋಷ ತಿದ್ದುವುದು ನನ್ನ ಕಸುಬು. ನನ್ನ ಸ್ವಂತ ದೃಷ್ಟಿ ಮಾತ್ರ ಸದಾ ಪಕ್ಕದ ಮನೆಯ ಮೇಲೆ! ಅದರಲ್ಲಿ ನನ್ನ ತಪ್ಪೇನೂ ಇಲ್ಲ. ದಿಲ್‌ಸುಖ್‌ಭಾಯಿ ಠಕ್ಕರ್ ಬೆಳ್ಳಿ ಗೆಜ್ಜೆಯ ವ್ಯಾಪಾರಿ. ಅವರು ಕೆಟ್ಟವರಾಗಿದ್ದರೆ ನಾನು ನೆಮ್ಮದಿಯಾಗಿ ಹೊಟ್ಟೆ ಉರಿಸಿಕೊಂಡು ಕೂತಿರುತ್ತಿದ್ದೆ. ಆದರೆ ಆ ಮನುಷ್ಯ ಬಲು ಒಳ್ಳೆಯವರು. ಅದೇ ಕಷ್ಟ! ಬೆಳಿಗ್ಗೆ ಎದುರಾದರೆ ಕೈ ಮುಗಿದು, ಭಾನುಭಾಯಿ, ನಿನ್ನೆ ಸೂರ್ಯನಾರಾಯಣ ಕೈತುಂಬಾ ಕೊಟ್ಟ ನೋಡಿ, ಅನ್ನುತ್ತಾರೆ. ನಾನು ಸಂತೋಷ ಸಂತೋಷ ಅನ್ನುತ್ತೇನೆ. ಬಾಯಲ್ಲಿ 'ಅವರು' ಅನ್ನುತ್ತೇನೆ, ಹೊಟ್ಟೆಯೊಳಗೆ 'ಅವನು'.

ಅಲ್ಲಿಯವರೆಗೆ ಈ ಗಲ್ಲಿಯಲ್ಲಿ ಮೇಲುಗೈ ನನ್ನದೇ ಆಗಿತ್ತು. ನಮ್ಮದು ಗಲ್ಲಿಯ ಕಟ್ಟಕಡೆಯ ಮನೆ, ಗಾಳಿಗೆ ಅಡ್ಡವಿಲ್ಲ. ಜನವರಿಯ ಉತ್ತರಾಯಣ, ಅದೇ ಸಂಕ್ರಾಂತಿಯ ಗಾಳಿಪಟದ ಹಬ್ಬ, ಬಂತೆಂದರೆ ಇಡೀ ಗಲ್ಲಿ ನನ್ನ ತಾರಸಿಯ ಮೇಲೆ. ಗಾಳಿಪಟದ ದಾರ ನನ್ನ ಕೈಯಲ್ಲಿ. ನನ್ನ ಬೆನ್ನ ಹಿಂದೆ ದಾರ ಸುತ್ತಿದ ಫಿರ್ಕಿ ಹಿಡಿದು, ನಾನು ಬಿಡು ಅಂದಾಗ ಬಿಟ್ಟು, ಸುತ್ತು ಅಂದಾಗ ಸುತ್ತುತ್ತಾ ನಿಲ್ಲುತ್ತಿದ್ದವರು ಇದೇ ದಿಲ್‌ಸುಖ್‌ಭಾಯಿ! ಪಟ ಹಾರಿಸುವವನು ರಾಜ, ಫಿರ್ಕಿ ಹಿಡಿಯುವವನು ರಾಜನಿಗೆ ಛತ್ರಿ ಹಿಡಿಯುವವನು. ಇದು ಇಡೀ ಗುಜರಾತಿಗೆ ಗೊತ್ತು. ಮೂಲೆಯಲ್ಲಿ ನನ್ನ ಆಂಪ್ಲಿಫೈಯರ್ ಹಾಡುತ್ತಿತ್ತು. ಮದುವೆಯಾದ ವರ್ಷ ಕೊಂಡದ್ದು. ವರ್ಷವಿಡೀ ಮಖಮಲ್ಲಿನ ಹೊದಿಕೆ ಹೊದ್ದು ಕಪಾಟಿನಲ್ಲಿ ಮಲಗುವ ಅದನ್ನು ನಾನೊಬ್ಬನೇ ಮುಟ್ಟಬೇಕು. ಧೂಳು ಒರೆಸಲು ತರು ಕೂಡ ನನ್ನ ಅಪ್ಪಣೆ ಕೇಳಬೇಕು.

ಅಂಥ ನನ್ನ ಫಿರ್ಕಿ ಹಿಡಿಯುವ ಮನುಷ್ಯನ ತಲೆಯ ಮೇಲೆ ಫಳಫಳ ಸೋಲಾರ್! ಅದೂ ಹೇಗೆ? ಎತ್ತರದ ಕಬ್ಬಿಣದ ಕಂಬಗಳ ಮೇಲೆ. ಕೆಳಗೆ ತಂಪಾದ ನೆರಳು. ನೆರಳಿನಲ್ಲಿ ತೂಗುಮಂಚ. ಸೂರ್ಯನನ್ನು ಕೂಲಿಗೆ ಇಟ್ಟುಕೊಂಡು, ಅವನ ನೆರಳಲ್ಲೇ ಕೂತು ತೂಗಿಕೊಳ್ಳುವುದೆಂದರೆ ಎಂಥ ಅಹಂಕಾರ!

ಸೋಲಾರ್ ಹಾಕುವ ಕಂಪನಿಯವರನ್ನು ಕರೆಸಿದೆ. ಕಂಬದ ಮೇಲೆ ಕೂರಿಸಿದರೆ ಪಕ್ಕದ ಮನೆಯಷ್ಟೇ ಹಲಗೆ ಬರುತ್ತವೆ, ತಾರಸಿಯ ನೆಲಕ್ಕೇ ಹಾಸಿದರೆ ಅಂಚಿನಿಂದ ಅಂಚಿಗೆ ಇನ್ನೂ ನಾಲ್ಕು ಜಾಸ್ತಿ ಹಿಡಿಸಬಹುದು ಅಂದರು. ನಾಲ್ಕು ಜಾಸ್ತಿ! ಅಮೃತಕ್ಕೆ ಅಳತೆ ಕೇಳುವುದುಂಟೇ?

"ಇಡೀ ತಾರಸಿ ಮುಚ್ಚಿಬಿಟ್ರೆ ನಿಲ್ಲೋಕೆ ಜಾಗ?" ಅಂದಳು ತರು.

"ತಾರಸಿ ಇರೋದು ನಿಲ್ಲೋಕಲ್ಲ, ಗಳಿಸೋಕೆ."

ಈ ಮಾತನ್ನು ನಾನೇ ಆಡಿದ್ದು. ಯಾರೂ ನನ್ನ ಬಾಯಲ್ಲಿ ತುರುಕಿದ್ದಲ್ಲ.

ಹಲಗೆಗಳು ಬಂದವು. ಬಾಗಿಲ ಪಕ್ಕದ ಗೋಡೆಗೆ ಇನ್ವರ್ಟರ್ ಬಂತು. ಕರೆಂಟು ಹೋದಾಗ ದೀಪ ಉರಿಸುವ ಬ್ಯಾಟರಿಯದಲ್ಲ ಇದು. ಬಿಸಿಲಿನ ಕರೆಂಟನ್ನು ಮನೆಯ ಕರೆಂಟು ಮಾಡಿ, ನಾವು ಬಳಸಿ ಮಿಕ್ಕಿದ್ದನ್ನು ಬೀದಿಯ ತಂತಿಗೆ ದಬ್ಬುವ ಪೆಟ್ಟಿಗೆ. ಅದಕ್ಕೆ ಕುಂಕುಮದಲ್ಲಿ ಸ್ವಸ್ತಿಕ ಬರೆದು, ತೆಂಗಿನಕಾಯಿ ಒಡೆದು, ಗಲ್ಲಿಯವರನ್ನೆಲ್ಲ ಪೇಡೆಗೆ ಕರೆದೆ. ದಿಲ್‌ಸುಖ್‌ಭಾಯಿಯನ್ನು ಪೆಟ್ಟಿಗೆಯ ಎದುರಿಗೇ ಕೂರಿಸಿದೆ. ಹಸಿರು ದೀಪ ಉರಿಯುತ್ತಿತ್ತು. "ನಾಲ್ಕು ಹಲಗೆ ಜಾಸ್ತಿ" ಎಂದು ನಾನು ಮೂರನೆಯ ಸಲ ಹೇಳುತ್ತಿದ್ದೆ. ಅಷ್ಟರಲ್ಲಿ ಟಕ್! ಹಸಿರು ಹೋಗಿ ಕೆಂಪು ಬಂತು. ಅದೇ ಕ್ಷಣಕ್ಕೆ ನಮ್ಮ ಕರೆಗಂಟೆ ಹಾಡತೊಡಗಿತು.

ನಮ್ಮ ಕರೆಗಂಟೆ ಟ್ರಿಣ್ ಅನ್ನುವ ಜಾತಿಯದಲ್ಲ. ಅಂಬಾ ಮಾತೆಯ ಆರತಿಯನ್ನು ಒಂದು ಚರಣ ಪೂರ್ತಿ, ಇಡೀ ಗಲ್ಲಿಗೆ ಕೇಳುವಂತೆ ಹಾಡುತ್ತದೆ. ಬಂದವರೆಲ್ಲ ಪೇಡೆ ಕೆಳಗಿಟ್ಟು ಎದ್ದು ಕೈ ಮುಗಿದರು. ನಾನು ಓಡಿಹೋಗಿ ಬಾಗಿಲು ತೆರೆದೆ. ನರಪಿಳ್ಳೆ ಇರಲಿಲ್ಲ. ಕೆಲವು ನಿಮಿಷ ಬಿಟ್ಟು ಪೆಟ್ಟಿಗೆ ಸದ್ದಿಲ್ಲದೆ ಹಸಿರಾಯಿತು, ಮತ್ತೆ ಟಕ್ ಅಂದು ಕೆಂಪಾಯಿತು. ಕರೆಗಂಟೆ ಮತ್ತೆ ಹಾಡಿತು. ಜನ ಮತ್ತೆ ಎದ್ದು ನಿಂತರು. ಮೂರನೆಯ ಆರತಿಯ ಹೊತ್ತಿಗೆ ದಿಲ್‌ಸುಖ್‌ಭಾಯಿಯ ಹೆಂಡತಿ ಭದ್ರಾಬೆನ್ ತಟ್ಟೆಗೆ ಕಾಸು ಹಾಕಬೇಕೋ ಏನೋ ಎಂದು ತರುವಿನ ಮುಖ ನೋಡುತ್ತಿದ್ದರು.

ಅಂದಿನಿಂದ ದಿನಾ ಮಧ್ಯಾಹ್ನ ಇದೇ ಆರತಿ. ರಾಜಕೋಟದಲ್ಲಿ ಮಧ್ಯಾಹ್ನ ಅಂಗಡಿ ತೆರೆದಿಡುವವನನ್ನು ನಾವು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಟರ್ ಎಳೆದು, ಮನೆಗೆ ಬಂದು, ಉಂಡು, ಮಜ್ಜಿಗೆ ಕುಡಿದು ಮಲಗುತ್ತೇವೆ. ನಾನು ಮಲಗುತ್ತಿದ್ದಂತೆ ಟಕ್! ಪೆಟ್ಟಿಗೆ ಕೆಂಪು. ಫ್ಯಾನು ಒಮ್ಮೆ ಬೆಚ್ಚಿಬಿದ್ದಂತೆ ತಿರುಗುತ್ತದೆ, ಟ್ಯೂಬ್‌ಲೈಟ್ ಕಣ್ಣು ಹೊಡೆಯುತ್ತದೆ, ತರುವಿನ ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಕಪಾಳಕ್ಕೆ ಹೊಡೆಯಲು ಎತ್ತಿದ ಕೈ ಎತ್ತಿದಂತೆಯೇ ಟಿವಿ ಆರಿಹೋಗುತ್ತದೆ. ಕರೆಗಂಟೆ ಆರತಿ ಹಾಡುತ್ತದೆ. ಅತ್ತೆ ಹೊಡೆದಳೋ ಇಲ್ಲವೋ ಎಂಬುದು ಒಂದು ವಾರದವರೆಗೂ ತರುವಿಗೆ ತಿಳಿಯಲಿಲ್ಲ. ಆ ಸಿಟ್ಟೆಲ್ಲ ನನ್ನ ಮೇಲೆ.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಅಡುಗೆಮನೆಯ ಕಿಟಕಿಯಿಂದ ದಿಲ್‌ಸುಖ್‌ಭಾಯಿಯ ಪೆಟ್ಟಿಗೆ ಕಾಣುತ್ತದೆ. ಅದು ಹಸಿರು! ನಾನು ಕೆಂಪಾದಾಗಲೂ ಅದು ಹಸಿರು! ನನ್ನ ಹಲಗೆಗಳು ಬಿಸಿಲಲ್ಲಿ ಸುಮ್ಮನೆ ಬೆನ್ನು ಕಾಯಿಸಿಕೊಳ್ಳುತ್ತಾ ಬಿದ್ದಿರುವಾಗ ಅವನವು ದುಡಿಯುತ್ತಿದ್ದವು. ನೋಡಿ, 'ಅವನು' ಬಾಯಿಗೇ ಬಂದುಬಿಟ್ಟಿತು.

"ಅವರ ಕರೆಂಟು ನಮ್ಮ ಕರೆಂಟನ್ನ ಕುತ್ತಿಗೆ ಹಿಡಿದು ಹೊರಗೆ ದಬ್ತಿದೆ" ಅಂದೆ ಕಿಟಕಿಯಲ್ಲಿ ನಿಂತು.

"ನಿಮ್ಮ ಹೊಟ್ಟೆಕಿಚ್ಚಿಗೊಂದು ಮೀಟರ್ ಹಾಕಿಸಿದ್ರೆ ಸೋಲಾರೇ ಬೇಕಿರ್ಲಿಲ್ಲ. ಮೋಡ ಇದ್ರೂ ಉರಿಯತ್ತೆ" ಅಂದಳು ತರು.

ಕಂಪನಿಯ ಎಂಜಿನಿಯರ್ ಬಂದರು. ಅವರು ಹೇಳಿದ್ದು ಕೇಳಿ ನನಗೆ ಅರ್ಧ ಸಮಾಧಾನ, ಅರ್ಧ ಸಂಕಟ. ಟ್ರಾನ್ಸ್‌ಫಾರ್ಮರ್ ಇರುವುದು ಗಲ್ಲಿಯ ಬಾಯಲ್ಲಿ, ನಮ್ಮದು ಬಾಲದಲ್ಲಿ. ಮಧ್ಯಾಹ್ನ ಊರೆಲ್ಲ ಮಲಗಿದಾಗ ಕರೆಂಟು ಬಳಸುವವರು ಯಾರೂ ಇಲ್ಲ. ಆದರೆ ಸೋಲಾರ್ ಇರುವ ಪ್ರತಿ ತಾರಸಿಯೂ ತಂತಿಗೆ ಕರೆಂಟು ದಬ್ಬುತ್ತಲೇ ಇರುತ್ತದೆ. ಹೋಗಲು ದಾರಿಯಿಲ್ಲದೆ ವೋಲ್ಟೇಜ್ ಏರುತ್ತದೆ. ಬಾಲದ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಏರುತ್ತದೆ. ಮಿತಿ ದಾಟಿದರೆ ನನ್ನ ಪೆಟ್ಟಿಗೆ ತನ್ನ ಜೀವ ಉಳಿಸಿಕೊಳ್ಳಲು ಕೈಬಿಡುತ್ತದೆ, ಇಳಿದ ಮೇಲೆ ಮತ್ತೆ ಕೈಹಾಕುತ್ತದೆ. ತುಂಬಿದ ಭಾರದಲ್ಲಿ ಹೀಗೆ ಹಠಾತ್ತಾಗಿ ಬಿಟ್ಟಾಗ ತಂತಿಗೆ ಧಕ್ಕೆ ಬೀಳುತ್ತದೆ. ಆ ಧಕ್ಕೆಗೇ ಫ್ಯಾನು ಬೆಚ್ಚುವುದು, ಕರೆಗಂಟೆ ಹಾಡುವುದು. ದಿಲ್‌ಸುಖ್‌ಭಾಯಿಯ ತಂತಿ ನನಗಿಂತ ಒಂದು ಕಂಬ ಮುಂಚೆ ಇಳಿಯುತ್ತದೆ. ಅಷ್ಟರಲ್ಲೇ ಅವರು ಬಚಾವು.

ಒಂದು ಕಂಬ! ಗಾಳಿಗೆ ಮೊದಲ ಮನೆ ನನ್ನದು, ಕರೆಂಟಿಗೆ ಕೊನೆಯ ಮನೆಯೂ ನನ್ನದೇ. ಇದಕ್ಕೆ ಪರಿಹಾರವೇನು ಎಂದೆ. ವಿದ್ಯುತ್ ಕಚೇರಿಗೆ ಅರ್ಜಿ ಕೊಡಿ, ಅವರು ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಇಳಿಸಬೇಕು, ಸ್ವಲ್ಪ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಮಧ್ಯಾಹ್ನ ಮನೆಯಲ್ಲೇ ಚೆನ್ನಾಗಿ ಕರೆಂಟು ಉರಿಸಿ, ಅಂದರು.

ಅರ್ಜಿ ಕೊಟ್ಟೆ. ಮರುದಿನವೇ ಮಧ್ಯಾಹ್ನದ ಯಜ್ಞ ಶುರು! ಗೀಸರ್ ಹಾಕಿದೆ. ಇಸ್ತ್ರಿಪೆಟ್ಟಿಗೆ ಹಚ್ಚಿ, ಇಸ್ತ್ರಿಯಾದ ಅಂಗಿಗಳಿಗೇ ಮತ್ತೆ ಇಸ್ತ್ರಿ ಮಾಡಿದೆ. ಎಲ್ಲಕ್ಕಿಂತ ದೊಡ್ಡ ಅಸ್ತ್ರ ನಮ್ಮ ಮನೆಯ ಘಂಟಿ. ಘಂಟಿ ಎಂದರೆ ಬಾರಿಸುವುದಲ್ಲ, ಬೀಸುವುದು, ಹಿಟ್ಟಿನ ಗಿರಣಿ. ನಮ್ಮೂರಲ್ಲಿ ಮದುವೆಯಾದ ಮನೆಗೆ ಮಂಚ ಬರುವ ಮುಂಚೆ ಘಂಟಿ ಬರುತ್ತದೆ. ಗೋಧಿ ಸುರಿದು ಗುಂಡಿ ಒತ್ತಿದೆ. ಘರ್ರ್! ಪೆಟ್ಟಿಗೆ ಹಸಿರು! ಗೋಧಿ ಮುಗಿದ ಮೇಲೆ ಸಜ್ಜೆ, ಸಜ್ಜೆ ಮುಗಿದ ಮೇಲೆ ಕಡಲೆಬೇಳೆ. ಕರೆಗಂಟೆಯ ಬಾಯಿ ಬಂದ್. ಅತ್ತೆ ಸೊಸೆಗೆ ಹೊಡೆದೇಬಿಟ್ಟಳು. ತರುವಿನ ಮುಖದಲ್ಲಿ ನಗು ಬಂತು. ಆದರೆ ಹತ್ತು ದಿನಕ್ಕೆ ಆ ನಗು ಹೋಯಿತು. ಡಬ್ಬ ತುಂಬಿ, ಕೊಡ ತುಂಬಿ, ಮದುವೆಗೆ ಬಂದ ಹಿತ್ತಾಳೆಯ ಹಂಡೆಯೂ ತುಂಬಿತು. ನನ್ನ ಹುಬ್ಬಿನ ಮೇಲೆ ಸದಾ ಹಿಟ್ಟು. ಗಿರಾಕಿಗಳು ಅಂಗಡಿಗೆ ಬಂದು, ಕನ್ನಡಕ ಮಂಜಾಗಿದೆ ಅನ್ನುತ್ತಿದ್ದರು. ಒರೆಸಿದರೆ ಹಿಟ್ಟು.

ಆದರೂ ನಾನು ಸುಖಿ. ಎದುರಾದಾಗ ನಾನೇ ಮೊದಲು ಕೈ ಮುಗಿದು, ನಿನ್ನೆ ಸೂರ್ಯನಾರಾಯಣ ಕೈತುಂಬಾ ಕೊಟ್ಟ, ಅಂದೆ. ದಿಲ್‌ಸುಖ್‌ಭಾಯಿಯ ಮುಖ ಅರಳಿತು.

"ನಂಗೂ ಹಾಗೇ ಭಾನುಭಾಯಿ. ಮುಂಚೆ ಆಗಾಗ ನಂದೂ ಕೆಂಪಾಗ್ತಿತ್ತು. ನೀವು ಬೀಸೋಕೆ ಶುರು ಮಾಡಿದ್ಮೇಲೆ ಒಂದು ಸಲಾನೂ ನಿಂತಿಲ್ಲ. ನಿಮ್ಮ ಘಂಟಿ ಇಬ್ಬರನ್ನೂ ಕಾಯ್ತಿದೆ. ದೇವರು ಒಳ್ಳೇದು ಮಾಡ್ಲಿ."

ಬೀಸುವವನು ನಾನು. ಹಿಟ್ಟು ತಿನ್ನುವವನು ನಾನು. ವೋಲ್ಟೇಜ್ ಇಳಿಸುವವನು ನಾನು. ಆ ಇಳಿದ ವೋಲ್ಟೇಜಿನಲ್ಲಿ ತೂಗುಮಂಚದ ಮೇಲೆ ಕೂತು ಗಳಿಸುವವರು ಅವರು! ಮನೆಗೆ ಹೋದವನೇ ಘಂಟಿಗೆ ಬಟ್ಟೆ ಮುಚ್ಚಿದೆ. ನನಗೆ ಎರಡು ರೂಪಾಯಿ ಬರದಿದ್ದರೂ ಚಿಂತೆಯಿಲ್ಲ, ನನ್ನಿಂದ ಅವರಿಗೆ ಒಂದು ಬರಬಾರದು. ಕರೆಗಂಟೆ ಮತ್ತೆ ಹಾಡತೊಡಗಿತು. ಅವರ ದೀಪವಂತೂ ಬಹುಮಟ್ಟಿಗೆ ಹಸಿರಾಗಿಯೇ ಇತ್ತು. ನನ್ನ ಮೂಗು ಕೊಯ್ದುಕೊಂಡರೂ ಪಕ್ಕದ ಮನೆಗೆ ಅಪಶಕುನವಾಗಲಿಲ್ಲ ನೋಡಿ, ಅದೇ ನನ್ನ ದುಃಖ.

ಹೀಗೆ ನನ್ನ ಕಣ್ಣು ಕೆಂಪು ಹಸಿರಿನಲ್ಲೇ ನೆಟ್ಟಿರುವಾಗ ಡಿಸೆಂಬರ್ ಬಂತು. ಬೀದಿಯ ಬದಿಯಲ್ಲಿ ಗಾಳಿಪಟದ ದಾರಕ್ಕೆ ಗಾಜಿನ ಪುಡಿ ಬೆರೆಸಿದ ಗುಲಾಬಿ ಬಣ್ಣ ಬಳಿಯುವವರು ಬಂದು ಕೂತರು. ನನ್ನ ಕೈ ತಾನಾಗಿಯೇ ತುರಿಸಿತು. ಹೊಸ ದಾರ ಸುತ್ತಿಸಿಕೊಂಡು, ಪಟಗಳ ಕಟ್ಟು ಬಗಲಲ್ಲಿಟ್ಟುಕೊಂಡು, ಹೆಜ್ಜೆ ಎಣಿಸದೆ ಮೆಟ್ಟಿಲು ಹತ್ತಿ, ತಾರಸಿಯ ಬಾಗಿಲು ತೆರೆದೆ.

ನಿಲ್ಲೋಕೆ ಜಾಗ?

ಗೋಡೆಯಿಂದ ಗೋಡೆಗೆ ನೀಲಿ ಹಲಗೆ. ಒಂದು ಪಾದ ಊರಲು ಎಡೆಯಿಲ್ಲ. ರಾಜಕೋಟದಲ್ಲಿ ಹುಟ್ಟಿ, ರಾಜಕೋಟದಲ್ಲಿ ಬೆಳೆದು, ಉತ್ತರಾಯಣಕ್ಕೆ ಜಾಗ ಬಿಡದೆ ತಾರಸಿ ಮುಚ್ಚಿಸಿದ ಗಂಡಸು ಇಡೀ ಸೌರಾಷ್ಟ್ರದಲ್ಲಿ ನಾನೊಬ್ಬನೇ! ಆ ನಾಲ್ಕು ಹಲಗೆಗಳು ನನ್ನ ಸಿಂಹಾಸನದ ಮೇಲೆಯೇ ಮಲಗಿದ್ದವು. ಕೆಳಗೆ ಬಂದೆ. ತರು ಪಟಗಳ ಕಟ್ಟನ್ನು ನನ್ನ ಬಗಲಿನಿಂದ ತೆಗೆದು ಮಂಚದ ಕೆಳಗೆ ಸರಿಸಿದಳು.

ಗಲ್ಲಿಯಲ್ಲಿ ಸುದ್ದಿಗೆ ಕಾಲು ಬಂತು. ಹಾದುಹೋಗುವವರೆಲ್ಲ, ಈ ಸಲ ಎಲ್ಲಿ ಭಾನುಭಾಯಿ, ಅನ್ನತೊಡಗಿದರು. ಕೊನೆಗೆ ದಿಲ್‌ಸುಖ್‌ಭಾಯಿಯೇ ಮನೆಗೆ ಬಂದರು. ಅವರ ಕಂಬಗಳ ಕೆಳಗೆ ಬೇಕಾದಷ್ಟು ಜಾಗವಿದೆ, ಮುಂದೆ ತೆರೆದ ತಾರಸಿಯೂ ಇದೆ, ಗಲ್ಲಿಯವರೆಲ್ಲ ಅಲ್ಲಿಗೇ ಬರುತ್ತಾರೆ ಅಂದರು. "ಆದ್ರೆ ಪಟ ನೀವೇ ಹಾರಿಸ್ಬೇಕು. ಫಿರ್ಕಿ ನಾನೇ ಹಿಡಿಯೋದು" ಎಂದರು. ಇಷ್ಟು ಒಳ್ಳೆಯತನ ಇಟ್ಟುಕೊಂಡು ಮನುಷ್ಯ ಪಕ್ಕದ ಮನೆಯಲ್ಲಿ ಹೇಗೆ ಬಾಳಬೇಕು ಹೇಳಿ! ಅವತ್ತು ನನಗೆ ಜ್ವರ ಬರಬಹುದು ಅಂದೆ. ಎರಡು ವಾರ ಮುಂಚೆಯೇ ಜ್ವರ ಗೊತ್ತಾಗುವುದು ಒಂದು ವಿದ್ಯೆ.

ಉತ್ತರಾಯಣದ ದಿನ ಬೆಳಗ್ಗೆಯೇ ನಾನು ಶಾಲು ಹೊದ್ದು ನರಳಿದೆ. ತರು ಹಣೆ ಮುಟ್ಟಿ ನೋಡಿ, ತಣ್ಣಗಿದೆ ಅಂದಳು. ಒಳಜ್ವರ ಅಂದೆ. "ಅದು ಗೊತ್ತು" ಎಂದು ಹೇಳಿ, ಉಂಧಿಯೂ ಎನ್ನುವ ಹಬ್ಬದ ಪಲ್ಯದ ಪಾತ್ರೆ ಎತ್ತಿಕೊಂಡು, ಇನ್ನೂ ಏನೇನೋ ಎರಡು ಸಲ ಸಾಗಿಸಿಕೊಂಡು ಪಕ್ಕದ ಮನೆಗೆ ಹೋದಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರಿಂದ ಏನು ಸಾಗಿಸಿದಳೆಂದು ನೋಡಲಿಲ್ಲ.

ಮೇಲಿನಿಂದ ಹಾಡು ಬಂತು. ಅಬ್ಬಾ, ಎಂಥ ಸದ್ದು! ತಬಲಾ ಎದೆಯೊಳಗೇ ಬಾರಿಸಿದಂತೆ. ಯಾರದೋ ಪಟ ಕತ್ತರಿಸಿ 'ಕಾಪ್ಯೋ ಛೇ', ಕತ್ತರಿಸಿಬಿಟ್ಟೆ, ಎಂದು ಕೂಗುತ್ತಿದ್ದರು, ನನ್ನ ಹೊಟ್ಟೆಯನ್ನೇ ಕತ್ತರಿಸಿದಂತಾಗುತ್ತಿತ್ತು. ಗೆಜ್ಜೆ ಮಾರುವವನಿಗೆ ಇಂಥ ಆಂಪ್ಲಿಫೈಯರ್ ಎಲ್ಲಿ ಸಿಕ್ಕಿತು? ನ್ಯಾಯವಾಗಿ ಹೇಳುತ್ತೇನೆ, ನನ್ನದು ಯಾವತ್ತೂ ಇಷ್ಟು ಚೆನ್ನಾಗಿ ಹಾಡಿರಲಿಲ್ಲ. ಸೋಲಾರ್ ಹೋಯಿತು, ತಾರಸಿ ಹೋಯಿತು, ಗಲ್ಲಿಯ ಜನ ಹೋದರು, ಹೆಂಡತಿಯೂ ಹೋದಳು, ಈಗ ಹಾಡಿನಲ್ಲೂ ಅವರದೇ ಮೇಲುಗೈ! ಶಾಲು ಕಿತ್ತೆಸೆದು ಎದ್ದು ಕೂತೆ.

ಮಧ್ಯಾಹ್ನವಾಗಿತ್ತು. ನೆತ್ತಿಯ ಮೇಲೆ ಬಿಸಿಲು. ಊರಿನ ಕಾರ್ಖಾನೆಗಳಿಗೆಲ್ಲ ರಜೆ. ಗಲ್ಲಿಯ ಜನರೆಲ್ಲ ತಾರಸಿಯ ಮೇಲೆ, ಕೆಳಗೆ ಯಾವ ಮನೆಯಲ್ಲೂ ಫ್ಯಾನು ಕೂಡ ತಿರುಗುತ್ತಿಲ್ಲ. ತಂತಿಯಲ್ಲಿ ವೋಲ್ಟೇಜ್ ಕಂಠಮಟ್ಟ ಬಂದು ನಿಂತಿರಬೇಕು. ಎಂಜಿನಿಯರ್ ಮಾತು ನೆನಪಾಯಿತು: ತುಂಬಿದ ಭಾರ ಹಠಾತ್ತಾಗಿ ಬಿಟ್ಟರೆ ತಂತಿಗೆ ಧಕ್ಕೆ. ಒಂದೇ ಒಂದು ಧಕ್ಕೆ ಕೊಟ್ಟರೆ ಅವರ ಹಸಿರು ದೀಪ ಕೆಂಪಾಗದೆ ಇರುತ್ತದೆಯೇ? ಲಂಕೆಗೆ ಬೆಂಕಿ ಹಚ್ಚಲು ಹೊರಟ ಹನುಮನ ಉತ್ಸಾಹ ನನ್ನಲ್ಲಿ ತುಂಬಿತು. ಬಾಲವಂತೂ ನಮ್ಮ ಮನೆಯದೇ!

ಘಂಟಿಯ ಬಟ್ಟೆ ಸರಿಸಿ ಗೋಧಿ ಸುರಿದೆ. ಗೀಸರ್ ಹಾಕಿದೆ. ಇಸ್ತ್ರಿಪೆಟ್ಟಿಗೆ ಹಚ್ಚಿದೆ. ಮೂರಕ್ಕೂ ಸೇರಿದ ದೊಡ್ಡ ಸ್ವಿಚ್ಚಿನ ಮೇಲೆ ಕೈಯಿಟ್ಟು, ಘರ್ರ್ ಎನ್ನುವ ಸದ್ದಿನ ನಡುವೆ ಕಿಟಕಿಯತ್ತ ಕಣ್ಣು ನೆಟ್ಟು, ಪಟ್ಟನೆ ಕೆಳಗೆಳೆದು ಮೂರನ್ನೂ ಆರಿಸಿದೆ. ವೋಲ್ಟೇಜ್ ಜಿಗಿಯಿತು. ನನ್ನ ಪೆಟ್ಟಿಗೆ ಟಕ್! ಕರೆಗಂಟೆ ಆರತಿ! ಅವರ ದೀಪ ಒಂದು ಸಲ ಮಿಟುಕಿ, ಕೆಂಪು!

ಕೆಂಪು! ನನ್ನ ಮದುವೆಯ ದಿನವೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ. ತರುವಿಗೆ ಹೇಳಬೇಡಿ. ಎರಡೂ ಪೆಟ್ಟಿಗೆ ಹಸಿರಾಗುವವರೆಗೆ ಕಾದು, ಮತ್ತೆ ಬೀಸಿ, ಮತ್ತೆ ಎಳೆದೆ. ಮತ್ತೆ ಆರತಿ, ಮತ್ತೆ ಕೆಂಪು, ಮೇಲೆ ಹಾಡು ಒಮ್ಮೆ ತೊದಲಿತು. ಮೂರನೆಯ ಸಲ ಎಳೆದಾಗ ಮೇಲಿನಿಂದ ಢಪ್ ಎಂಬ ಶಬ್ದ ಬಂತು. ಹಾಡು ನಿಂತುಹೋಯಿತು. ಗಲ್ಲಿ ಗಪ್‌ಚುಪ್.

ನಾನು ಶಾಲು ಹೊದ್ದೆ. ಶತ್ರುವಿನ ಮನೆಯಲ್ಲಿ ಸಾವಾದಾಗ ಮೊದಲು ಹೋಗಿ ನಿಲ್ಲಬೇಕು ಎಂದು ಹಿರಿಯರು ಹೇಳಿದ್ದಾರೋ ಇಲ್ಲವೋ, ನಾನಂತೂ ಹೋದೆ. ಮೆಟ್ಟಿಲು ಹತ್ತುವಾಗ ಮುಖಕ್ಕೆ ಜ್ವರದ ಕಳೆ ತಂದುಕೊಂಡೆ. ಮೇಲ್ಗಡೆ ಜನರೆಲ್ಲ ಮೂಲೆಯಲ್ಲಿ ಗುಂಪಾಗಿ ಬಗ್ಗಿ ನಿಂತಿದ್ದರು. ಹೊಗೆ ಏಳುತ್ತಿತ್ತು. "ಅಯ್ಯೋ ಪಾಪ, ಏನಾಯ್ತು ದಿಲ್‌ಸುಖ್‌ಭಾಯಿ" ಎನ್ನುತ್ತಾ ಗುಂಪಿನೊಳಗೆ ತಲೆ ತೂರಿಸಿದೆ.

ಮೊದಲು ಕಂಡದ್ದು ಮಖಮಲ್ಲಿನ ಹೊದಿಕೆ. ಮಡಿಸಿ ಪಕ್ಕದಲ್ಲಿ ಇಟ್ಟಿದ್ದರು.

ನನ್ನ ಆಂಪ್ಲಿಫೈಯರ್!

ದಿಲ್‌ಸುಖ್‌ಭಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. "ನಾನೇ ಭಾಭಿನ ಕೇಳ್ಕೊಂಡಿದ್ದು ಭಾನುಭಾಯಿ. ನಿಮಗೆ ಹುಷಾರಿಲ್ಲ, ನಿಮ್ಮ ದನಿಯಾದ್ರೂ ನಮ್ಮ ಮಧ್ಯೆ ಇರ್ಲಿ ಅಂತ. ನನ್ನ ಸೋಲಾರ್ ಹಾಳಾಗ್ಲಿ, ಮೂರು ಸಲ ಕೆಂಪಾಯ್ತು. ಎಲ್ಲಾ ನಂದೇ ತಪ್ಪು."

ಒಳಗೆ ನಾನು ನನ್ನ ತಲೆಗೆ ನಾನೇ ಹೊಡೆದುಕೊಳ್ಳುತ್ತಿದ್ದೆ. ಹೊರಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೀಗಾಗಿ ನಾನು ಧರ್ಮರಾಯನಾದೆ. ಅವರ ಭುಜ ತಟ್ಟಿ, ವಸ್ತು ಇವತ್ತಿರುತ್ತೆ ನಾಳೆ ಹೋಗುತ್ತೆ, ಮನುಷ್ಯ ಮುಖ್ಯ, ನಾನು ನಿಮ್ಮನ್ನು ಕ್ಷಮಿಸಿದೆ ಅಂದೆ. ಹೌದು, ಕ್ಷಮಿಸಿಬಿಟ್ಟೆ! ಗಲ್ಲಿಯವರೆಲ್ಲ ತಲೆದೂಗಿದರು. ಎಷ್ಟು ದೊಡ್ಡ ಮನಸ್ಸು ಎಂದು ಭದ್ರಾಬೆನ್ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ತರು ಮಾತ್ರ ತಲೆದೂಗಲಿಲ್ಲ. "ನಮ್ಮನೆ ಕರೆಗಂಟೆ ಹಾಡ್ತಿತ್ತು. ಯಾರು ಬಂದಿದ್ರು?" ಅಂದಳು.

"ದಾನ ಕೇಳೋರು" ಅಂದೆ. ಉತ್ತರಾಯಣದ ದಿನ ಬಾಗಿಲಿಗೆ ದಾನ ಕೇಳಲು ಬರುವವರಿಗೆ ಬರವಿಲ್ಲ. ಮಾತು ತಾನಾಗಿ ಒದಗಿ ಬಂತು.

"ಮೂರು ಸಲ?"

"ಮೂರು ಜನ."

"ಏನು ಕೊಟ್ರಿ?"

"ಹಿಟ್ಟು." ನನ್ನ ಕೈಗಳನ್ನು ಮುಂದೆ ಚಾಚಿ ತೋರಿಸಿದೆ. ಮೊಣಕೈವರೆಗೆ ಗೋಧಿಹಿಟ್ಟು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಜ್ವರದಲ್ಲೂ ಎದ್ದು ದಾನ ಮಾಡಿದ್ದಾನೆ ಎಂದು ಯಾರೋ ಮೆಚ್ಚಿ ಮಾತಾಡಿದರು. ತರು ನನ್ನ ಕೈ ನೋಡಿದಳು, ಹುಬ್ಬು ನೋಡಿದಳು.

ದಿಲ್‌ಸುಖ್‌ಭಾಯಿ ಒಂದು ಒಳ್ಳೆಯ ಪಟ ಆರಿಸಿ ತಂದು ದಾರ ನನ್ನ ಕೈಗಿಟ್ಟರು. ತಾವು ಹಳೆಯ ಜಾಗದಲ್ಲಿ, ನನ್ನ ಬೆನ್ನ ಹಿಂದೆ, ಫಿರ್ಕಿ ಹಿಡಿದು ನಿಂತರು. ಗಾಳಿ ಬಂತು. ಒಂದು ಎಳೆತ, ಎರಡು ಎಳೆತ, ಪಟ ಮೇಲೇರಿತು. ಹಿಂದಿನ ಬೀದಿಯ ಕೆಂಪು ಪಟವೊಂದು ಅಡ್ಡ ಬಂತು. ದಾರ ಬಿಡಿ ಅಂದೆ, ಬಿಟ್ಟರು. ಉಜ್ಜಿದೆ. ಅದರ ದಾರ ಕತ್ತರಿಸಿಹೋಯಿತು. ತಾರಸಿಯೆಲ್ಲ ಒಂದೇ ಗಂಟಲಲ್ಲಿ ಕೂಗಿತು. ಯಾರೋ ಬಾಯಿಗೆ ಎಳ್ಳಿನ ಚಿಕ್ಕಿ ಇಟ್ಟರು. ಪಕ್ಕದಲ್ಲಿ ನನ್ನ ಮನೆಯ ಹಲಗೆಗಳು ಮಿರಮಿರ ಮಿನುಗುತ್ತಿದ್ದವು, ನಾನು ಅವನ್ನು ನೋಡಲಿಲ್ಲ. ತಿಂಗಳುಗಳ ಮೇಲೆ ಮೊದಲ ಸಲ ಹೊಟ್ಟೆ ತಣ್ಣಗಿತ್ತು. ಇಷ್ಟಕ್ಕೂ ಈ ಮನುಷ್ಯನ ಮೇಲೆ ನನಗೇನು ಸಿಟ್ಟು? ಒಳ್ಳೆಯ ಜಾಗ, ಒಳ್ಳೆಯ ಗಾಳಿ, ಒಳ್ಳೆಯ ಜನ. ಮುಂದಿನ ವರ್ಷ ನಾನೂ ಹಲಗೆಗಳನ್ನು ಕಂಬದ ಮೇಲೆ ಎತ್ತಿಸಿ ಇವರನ್ನೆಲ್ಲ ಕರೆಯುತ್ತೇನೆ ಎಂದುಕೊಂಡೆ. ನಾಲ್ಕು ಹಲಗೆ ಕಡಿಮೆಯಾದರೆ ಆಗಲಿ. ಎರಡು ಆದರೆ ಇನ್ನೂ ವಾಸಿ.

ಇನ್ನೊಂದು ಪಟ ಹತ್ತಿರ ಬರುತ್ತಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದರು. ಆಂಪ್ಲಿಫೈಯರ್ ಸತ್ತಿದ್ದರಿಂದ ತಾರಸಿಯ ಮೇಲೆ ಸೂಜಿ ಬಿದ್ದರೂ ಕೇಳುವಷ್ಟು ಮೌನ.

ಆ ಮೌನದಲ್ಲಿ ಕೆಳಗಿನಿಂದ ಟಕ್ ಎಂಬ ಶಬ್ದ ಕೇಳಿತು. ಬಿಸಿಲು ಜೋರಾಗಿತ್ತು, ವೋಲ್ಟೇಜ್ ಏರಿತ್ತು, ನನ್ನ ಪೆಟ್ಟಿಗೆ ತನ್ನ ಪಾಡಿಗೆ ತಾನು ಕೈಬಿಟ್ಟಿತ್ತು. ಅದರ ಹಿಂದೆಯೇ ನಮ್ಮ ಕರೆಗಂಟೆ ಇಂಪಾಗಿ ಅಂಬಾ ಮಾತೆಯ ಆರತಿ ಎತ್ತಿಕೊಂಡಿತು.

"ಈ ಸಲ ನಾನಲ್ಲ!" ಎಂದು ಕೂಗಿದೆ ನಾನು.

ಆರತಿ ಒಂದು ಚರಣ ಪೂರ್ತಿ ಆಯಿತು. ಯಾರೂ ಕೈ ಮುಗಿಯಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಆಮೇಲೆ ಆಂಪ್ಲಿಫೈಯರನ್ನು ನೋಡಿದರು. ಆಮೇಲೆ ನನ್ನ ಹಿಟ್ಟಿನ ಕೈಗಳನ್ನು ನೋಡಿದರು. ನನ್ನ ಪಟವನ್ನು ಯಾರೋ ಕತ್ತರಿಸಿದರು, ದಾರ ಸಡಿಲವಾಗಿ ಜೋತುಬಿತ್ತು. ಎಲ್ಲೋ ದೂರದಲ್ಲಿ ಕಾಪ್ಯೋ ಛೇ ಎಂದು ಕೂಗಿದರು.

ದಿಲ್‌ಸುಖ್‌ಭಾಯಿ ನನ್ನ ಬೆನ್ನ ಹಿಂದಿನಿಂದ ಮುಂದೆ ಬಂದರು. ದಾರವನ್ನು ನನ್ನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡರು. ಅದಕ್ಕೆ ಹೊಸ ಪಟ ಕಟ್ಟಿದರು. ಫಿರ್ಕಿಯನ್ನು ನನ್ನತ್ತ ಚಾಚಿದರು.

"ಕೈ ಒರೆಸ್ಕೊಂಡು ಹಿಡ್ಕೊಳ್ಳಿ" ಅಂದಳು ತರು. "ದಾರಕ್ಕೆ ಹಿಟ್ಟು ಮೆತ್ತತ್ತೆ."